ಒಂದು ಹುಳಿ ಕ್ಯಾನು, ಒಂದು ಲೋಟ ಹುಳಿ ಬಿಯರು

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ. ಶನಿವಾರ ಸಂಜೆ "ಮಾವ, ಸುಮ್ನೆ ಟಿವಿ ಮುಂದೆ ಕೂತ್ಕೊಂಡು ಏನ್ ಮಾಡ್ತೀರಾ, ಬನ್ನಿ" ಅಂತ ಎಬ್ಬಿಸಿಕೊಂಡು ಹೋದ. ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಲೋಟಕ್ಕೆ ಬಗ್ಗಿಸುವ ಪಬ್ಬುಗಳು ಈಗ ಮೈಸೂರಿಗೂ ಬಂದಿವೆ. ಗಾಜಿನ ಗೋಡೆಯ ಹಿಂದೆ ಸ್ಟೀಲ್ ಟ್ಯಾಂಕುಗಳು ಸಾಲಾಗಿ ನಿಂತಿರುತ್ತವೆ. ಬೇರೆಯವರಿಗೆ ಅದು ಹೇಗೆ ಕಾಣುತ್ತದೋ, ಹಾಲಿನ ಡೈರಿಯಲ್ಲಿ ಬೆಳೆದ ನನಗೆ ಮಾತ್ರ ಯಾರೋ ಡೈರಿಗೆ ಸೀರಿಯಲ್ ಸೆಟ್ ಹಾಕಿ ಹಾಡು ಹಚ್ಚಿದ ಹಾಗೆ ಕಾಣಿಸಿತು. ಗೋಡೆ ಮೇಲೆ ಒಂದು ಕಪ್ಪು ಹಲಗೆ. ಅದರಲ್ಲಿ ಆವತ್ತಿನ ಬಿಯರುಗಳ ಪಟ್ಟಿ, ಸೀಮೆಸುಣ್ಣದಲ್ಲಿ. ಮೇಜಿಗೆ ಬಂದ ಹುಡುಗ ಒಂದು ಹೆಸರು ತೋರಿಸಿ "ಇದು ಸಾರ್, ಸಾರ್" ಅಂದ. ನಾನು ಒಂದು ಕ್ಷಣ ತಿಳಿಸಾರು ಅಂದುಕೊಂಡೆ. ಅಕ್ಕನ ಮಗ ನಕ್ಕ. "ಹುಳಿ ಬಿಯರ್ ಮಾವ. ಈಗ ನಮ್ಮ ಕಡೆ ಎಲ್ಲಾ ಇದೇ ಓಡ್ತಿರೋದು."

ಸುತ್ತ ನೋಡಿದೆ. ಹೌದು, ಪಕ್ಕದ ಮೂರು ಮೇಜುಗಳಲ್ಲಿ ಎರಡರ ಮೇಲೆ ಗುಲಾಬಿ ಬಣ್ಣದ್ದೋ ನೇರಳೆ ಬಣ್ಣದ್ದೋ ಲೋಟ ಇತ್ತು. ಕಾಲೇಜು ದಿನಗಳಿಂದ ನನಗೆ ಗೊತ್ತಿರೋ ಬಿಯರು ಅಂದರೆ ಎರಡೇ: ಸ್ಟ್ರಾಂಗು, ಮತ್ತೆ ಸ್ಟ್ರಾಂಗು ಸಿಗದಿದ್ದಾಗ ಲೈಟು. ಅವನು ನನಗೆ 'ಗೋಸೆ' ಅನ್ನೋ ಜಾತಿಯದ್ದು ತರಿಸಿದ. ಒಂದು ಗುಟುಕು ಕುಡಿದೆ. ಹುಳಿ. ಹಿಂದೆಯೇ ಉಪ್ಪು. ಆಮೇಲೆ ನಾಲಿಗೆಯ ತುದಿಯಲ್ಲಿ ಪರಿಚಯದ ಯಾವುದೋ ಘಮ. "ಲೋ, ಇದು ಮಜ್ಜಿಗೆ ಕಣೋ!" ಅಂದುಬಿಟ್ಟೆ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ.

ನಾನು ಹೇಳಿದ್ದು ಪೂರ್ತಿ ತಪ್ಪೇನಲ್ಲ. ಗೋಸೆ ಜರ್ಮನಿಯ ಗೊಸ್ಲಾರ್ ಅನ್ನೋ ಊರಿನದು. ಅಲ್ಲಿನ ಹೊಳೆಯ ಹೆಸರೇ ಬಿಯರಿಗೂ ಬಂದಿದೆ. ಆಮೇಲೆ ಲೈಪ್‌ಜಿಗ್ ನಗರದವರು ಅದನ್ನು ತಮ್ಮದು ಮಾಡಿಕೊಂಡರು. ಅದಕ್ಕೆ ಉಪ್ಪು ಹಾಕುತ್ತಾರೆ, ಕೊತ್ತಂಬರಿ ಬೀಜ ಹಾಕುತ್ತಾರೆ. ಬಾರ್ಲಿ, ನೀರು, ಹಾಪ್ಸ್ ಅನ್ನೋ ಕಹಿ ಹೂವು ಬಿಟ್ಟು ಬೇರೇನೂ ಹಾಕಬಾರದು ಅಂತ 1516ರಲ್ಲಿ ಬವೇರಿಯಾ ಪ್ರಾಂತ್ಯದಲ್ಲಿ ಶುರುವಾದ ಕಟ್ಟಳೆ ಇರುವ ಜರ್ಮನಿಯಲ್ಲೇ ಈ ಉಪ್ಪು-ಕೊತ್ತಂಬರಿ ಬಿಯರು ಹೇಗೋ ಬದುಕಿಕೊಂಡಿತ್ತು. 1966ರಲ್ಲಿ ಒಮ್ಮೆ ತಯಾರಿಕೆ ನಿಂತೇ ಹೋಗಿತ್ತು. 1980ರ ದಶಕದಲ್ಲಿ ಯಾರೋ ಪುಣ್ಯಾತ್ಮರು ಎಬ್ಬಿಸಿದರು. ಈಗ ಅದು ಮೈಸೂರಿಗೆ ಬಂದು, 400 ಚಿಲ್ಲರೆ ರೂಪಾಯಿಗೆ ನನ್ನ ಮುಂದೆ ಕೂತಿತ್ತು.

ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಮೂಗು ಮುರಿಯುತ್ತಿದ್ದೇನೆ ಅನ್ನಬೇಡಿ. ಎರಡನೇದು ಕೂಡ ಕುಡಿದೆ. ಆದರೆ ಮನೆಗೆ ಬಂದು ಮಲಗಿದ ಮೇಲೂ ಆ ಕಪ್ಪು ಹಲಗೆ ತಲೆಯಿಂದ ಹೋಗಲಿಲ್ಲ. 'ಹುಳಿ' ಅನ್ನೋ ಮಾತನ್ನು ಅಷ್ಟು ಮುದ್ದಾಗಿ, ಪಕ್ಕದಲ್ಲಿ ಒಂದು ಹೂವಿನ ಚಿತ್ರ ಬರೆದು, ರೇಟು ಹಾಕಿ ಬರೆದಿದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ನಾನು ನೋಡಿದ್ದು ಬೇರೆ ತರಹದ್ದು.

ಕೆಂಪು ಶಾಯಿ

ಅಪ್ಪ ಮದ್ದೂರು ತಾಲ್ಲೂಕಿನ ನಮ್ಮೂರಿನ ಹಾಲಿನ ಸಂಘದಲ್ಲಿ ಸೆಕ್ರೆಟರಿ ಆಗಿದ್ದರು. ಊರಿನವರ ಬಾಯಲ್ಲಿ ಅದು ಡೈರಿ. (ಸೊಸೈಟಿ ಅಂದರೆ ಸೀಮೆಎಣ್ಣೆ ಕೊಡುವ ಜಾಗ, ಅದೇ ಬೇರೆ.) ಬೆಳಿಗ್ಗೆ ಆರಕ್ಕೆ ಡೈರಿ ಬಾಗಿಲು ತೆಗೆದರೆ ಏಳೂವರೆಗೆ ಕ್ಯಾನ್ ಲಾರಿ ಬರುವಷ್ಟರಲ್ಲಿ ಎಲ್ಲಾ ಮುಗಿಯಬೇಕು. ನೀರು ಬೆರೆತಿದೆಯಾ ಅಂತ ಡಿಗ್ರಿ ನೋಡೋದು, ಫ್ಯಾಟು ನೋಡೋದು, ಅಳೆಯೋದು, ಕಾರ್ಡಿಗೆ ಬರೆಯೋದು. ನಾನಾಗ ಐದನೇ ಕ್ಲಾಸು. ಅಕ್ಷರ ದುಂಡಗಿದೆ ಅಂತ ಕಾರ್ಡು ಬರೆಯುವ ಕೆಲಸ ನನ್ನದು.

ಈ ಡಿಗ್ರಿ, ಫ್ಯಾಟುಗಳಿಗೆಲ್ಲ ಮೊದಲು ಅಪ್ಪ ಮಾಡುತ್ತಿದ್ದದ್ದು ಮೂಸುವುದು. ಪ್ರತಿಯೊಬ್ಬರ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದರು. ಅರ್ಧ ಕ್ಷಣದ ಕೆಲಸ. ಹಸು ಏನು ಮೇಯ್ದಿದೆ, ಪಾತ್ರೆ ತೊಳೆದಿದ್ದಾರೋ ಇಲ್ಲವೋ, ಹಾಲು ಎಷ್ಟು ಹೊತ್ತಿನದು, ಎಲ್ಲಾ ಆ ಮೂಗಿಗೆ ಗೊತ್ತಾಗುತ್ತಿತ್ತು. ಪಟ್ಟಣದ ದೊಡ್ಡ ಡೈರಿಯಲ್ಲಿ ಇದಕ್ಕೇ ಬೇರೆ ಪರೀಕ್ಷೆ ಇರುತ್ತದೆ. ಒಂದಿಷ್ಟು ಹಾಲಿಗೆ ಅಷ್ಟೇ ಅಳತೆಯ ಸ್ಪಿರಿಟ್ಟು ಬೆರೆಸಿ ಅಲ್ಲಾಡಿಸುತ್ತಾರೆ. ಹಾಲು ಹುಳಿಯ ದಾರಿ ಹಿಡಿದಿದ್ದರೆ ಪ್ರನಾಳದ ಗೋಡೆಗೆ ಸಣ್ಣ ಸಣ್ಣ ಚೂರು ಅಂಟಿಕೊಳ್ಳುತ್ತದೆ. ಹುಳಿ ಹಿಡಿದುಕೊಡಲು ಆಲ್ಕೋಹಾಲು! ಆವತ್ತು ಪಬ್ಬಿನಲ್ಲಿ ಇದು ನೆನಪಾಗಿ ನಾನೊಬ್ಬನೇ ನಕ್ಕಿದ್ದೆ.

ಒಂದು ಬೇಸಿಗೆ ಬೆಳಿಗ್ಗೆ. ಕೆರೆ ಏರಿ ಪಕ್ಕದ ಮನೆಯ ದೊಡ್ಡವ್ವ ಒಂದೂವರೆ ಲೀಟರಿನ ಪಾತ್ರೆ ತಂದಿತು. ಒಂದೇ ಹಸು, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಹಿಂದಿನ ಸಂಜೆ ಡೈರಿಗೆ ಬಂದಿರಲಿಲ್ಲ. ಅಪ್ಪ ಮೂಸಿದರು. ತಲೆ ಎತ್ತಿ ದೊಡ್ಡವ್ವನ ಮುಖ ನೋಡಿದರು. ಇನ್ನೊಂದು ಸಲ ಮೂಸಿದರು. ಎರಡನೇ ಸಲ ಮೂಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸಂಜೆ ಹಾಲನ್ನು ಇಟ್ಟುಕೊಂಡು ಬೆಳಗಿನದಕ್ಕೆ ಬೆರೆಸಿತ್ತು, ಅಷ್ಟೆ. ಅಪ್ಪ ಏನೂ ಮಾತಾಡದೆ ಪಾತ್ರೆಯನ್ನು ಕ್ಯಾನಿಗೆ ಬಗ್ಗಿಸಿ, ನನ್ನ ಕಡೆ ತಿರುಗಿ "ಒಂದೂವರೆ, ಬರ್ಕೊ" ಅಂದರು.

ಸಂಜೆ ಲಾರಿಯಲ್ಲಿ ಆ ಕ್ಯಾನು ವಾಪಸು ಬಂತು. ಪೂರಾ 40 ಲೀಟರು. ಜೊತೆಗೆ ಒಂದು ಚೀಟಿ, ಅದರಲ್ಲಿ ಕೆಂಪು ಶಾಯಿಯಲ್ಲಿ 'ಹುಳಿ – 1 ಕ್ಯಾನು'. ಲಾರಿ ಸಿಬ್ಬಂದಿ ಕ್ಯಾನನ್ನು ಇಳಿಸಿದ ರೀತಿಯೂ ನೆನಪಿದೆ, ದಪ್ ಅಂತ, ಏನೋ ಅಪರಾಧಿಯನ್ನು ಊರಿಗೆ ತಂದು ಬಿಟ್ಟ ಹಾಗೆ. ಯಾರ ಹಾಲು, ಯಾರ ಹಾಲು ಅಂತ ಜಗಲಿ ಮೇಲೆ ಗುಸುಗುಸು ಶುರುವಾಯಿತು. ಅಪ್ಪ, ಲಾರಿ ತಡವಾಯಿತು, ಬಿಸಿಲು ಜಾಸ್ತಿ ಅಂದರು. ಆ ಕ್ಯಾನಿನ ದುಡ್ಡನ್ನು ಎರಡು ಮೂರು ತಿಂಗಳು ತಮ್ಮ ಸಂಬಳದಲ್ಲಿ ಹಿಡಿಸಿಕೊಂಡರು. ನನಗೆ ಏನೂ ಹೇಳಲಿಲ್ಲ. ಹೇಳಬೇಡ ಅಂತಲೂ ಹೇಳಲಿಲ್ಲ. ಚೀಟಿ ಮಾತ್ರ ಬಹಳ ದಿನ ಗೋಡೆಯ ಮೊಳೆಗೆ ಸಿಕ್ಕಿಸಿಕೊಂಡೇ ಇತ್ತು.

ಹಾಗಾಗಿ ನಮ್ಮ ಮನೆಯಲ್ಲಿ ಹುಳಿ ಅನ್ನೋದು ಒಂದು ಆಪಾದನೆ. ಪಬ್ಬಿನ ಹಲಗೆ ನೋಡಿದಾಗ ನನ್ನ ಬಾಯಿಗೆ ಬಂದ ಮೊದಲ ಪ್ರಶ್ನೆ "ರುಚಿ ಹೇಗಿದೆ" ಅಂತಲ್ಲ, "ಯಾರ ಹಾಲು" ಅಂತ.

ಇನ್ಫೆಕ್ಷನ್

ನನ್ನ ಮಜ್ಜಿಗೆ ಮಾತು ಅಡುಗೆಮನೆಗೆ, ಅಂದರೆ ಆ ಟ್ಯಾಂಕುಗಳ ಕಡೆಗೆ, ಹೇಗೋ ತಲುಪಿ ಬಿಯರ್ ಕಾಯಿಸುವ ಹುಡುಗನೇ ಮಾತಾಡಿಸಲು ಬಂದ. ಮೂವತ್ತು ದಾಟಿರಲಿಕ್ಕಿಲ್ಲ, ಕಾಲಿಗೆ ರಬ್ಬರ್ ಬೂಟು. ಅವನ ಬಾಯಲ್ಲಿ ನಾನು ಕೇಳಿದ ಹೊಸ ಪದ ಇನ್ಫೆಕ್ಷನ್. ಮಾಮೂಲಿ ಬಿಯರು ಹುಳಿಯಾದರೆ ಅವರು 'ಇನ್ಫೆಕ್ಷನ್ ಆಗಿದೆ' ಅನ್ನುತ್ತಾರಂತೆ. ಪೂರ್ತಿ ಟ್ಯಾಂಕು ಚರಂಡಿಗೆ. ಹುಳಿ ಬಿಯರಿಗೆ ಬಳಸಿದ ಪೈಪು, ವಾಷರು ಯಾವುದನ್ನೂ ಅವನು ಬೇರೆ ಬಿಯರಿನ ಹತ್ತಿರ ಬಿಡುವುದಿಲ್ಲ. ಕೇಳಿ ಸಮಾಧಾನವಾಯಿತು. ಇವರಿಗೂ ಕೆಂಪು ಶಾಯಿ ಇದೆ.

ಈ ಭಯಕ್ಕೆ ದೊಡ್ಡ ಚರಿತ್ರೆಯೇ ಇದೆ. ನಮ್ಮ ಮಂಡ್ಯಕ್ಕೆ ಕಬ್ಬು ಹೇಗೋ ಹಾಗೆ ಫ್ರಾನ್ಸಿನ ಲಿಲ್ ಕಡೆಗೆ ಸಕ್ಕರೆ ಬೀಟ್ ಗೆಡ್ಡೆ. 1856ರಲ್ಲಿ ಅಲ್ಲಿನ ಒಬ್ಬ ಕಾರ್ಖಾನೆಯವನ ಬೀಟ್ ರಸ ಸ್ಪಿರಿಟ್ಟಾಗದೆ ಹುಳಿಯಾಗತೊಡಗಿತು. ಅವನು ಹೋಗಿ ಕೇಳಿದ್ದು ಊರಿನ ಕಾಲೇಜಿನಲ್ಲಿದ್ದ ಲೂಯಿ ಪ್ಯಾಸ್ಟರರನ್ನು. ಹುಳಿ ಮಾಡೋದು ಒಂದು ಜೀವಿ ಅಂತ ಪ್ಯಾಸ್ಟರ್ ಮಾರನೇ ವರ್ಷ ಬರೆದರು. ಆಮೇಲೆ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯ. 1883ರಲ್ಲಿ ಎಮಿಲ್ ಹ್ಯಾನ್ಸೆನ್ ಅಲ್ಲಿ ಒಂದೇ ಒಂದು ಜಾತಿಯ ಯೀಸ್ಟನ್ನು ಬೇರೆ ಮಾಡಿ ಬೆಳೆಸಿದರು. ಅಲ್ಲಿಂದ ಮುಂದೆ ಬಿಯರು ಶುದ್ಧ, ಒಂದೇ ರುಚಿ, ಹುಳಿ ಇಲ್ಲ. ಹುಳಿಯನ್ನು ಅಳೆಯುವ ಪಿಎಚ್ ಲೆಕ್ಕ ಹುಟ್ಟಿದ್ದೂ ಅದೇ ಪ್ರಯೋಗಾಲಯದಲ್ಲಿ, 1909ರಲ್ಲಿ, ಸೋರೆನ್ಸೆನ್ ಅನ್ನುವವರಿಂದ. ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ. ಒಳ್ಳೆ ಹಾಲು 6.6ರ ಹತ್ತಿರ. ಮಾಮೂಲಿ ಬಿಯರು 4ರಿಂದ 4.5. ನಾನು ಕುಡಿದಂಥದ್ದು 3.3ರ ಆಸುಪಾಸು. ಹುಡುಗ ಜೇಬಿನಿಂದ ಪೆನ್ನಿನಂಥ ಮೀಟರು ತೆಗೆದು ತೋರಿಸಿದ. ಅಪ್ಪನ ಮೂಗು ಈಗ ಅಷ್ಟು ಚಿಕ್ಕದಾಗಿದೆ.

ಲೋಳೆ ಬಂದ ಮೇಲೂ ಕಾಯುವವರು

ಶುದ್ಧ ಯೀಸ್ಟು ಬಂದಮೇಲೂ ಒಂದು ಕಡೆಯವರು ಮಾತ್ರ ಕೇಳಲಿಲ್ಲ. ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತಲಿನವರು. ಅವರ ಲ್ಯಾಂಬಿಕ್ ಅನ್ನೋ ಬಿಯರಿಗೆ ಯಾರೂ ಯೀಸ್ಟು ಹಾಕುವುದಿಲ್ಲ. ಬಾರ್ಲಿ, ಗೋಧಿ ಬೇಯಿಸಿದ ಕಷಾಯವನ್ನು ಅಟ್ಟದ ಮೇಲೆ ಅಗಲವಾದ ತೆರೆದ ಕೊಪ್ಪರಿಗೆಯಲ್ಲಿ ಒಂದು ರಾತ್ರಿ ಆರಲು ಬಿಡುತ್ತಾರೆ. ಗಾಳಿಯಲ್ಲಿ ಏನಿದೆಯೋ ಅದು ಬಂದು ಬೀಳಲಿ ಅಂತ. ಆಮೇಲೆ ಮರದ ಪೀಪಾಯಿಗೆ. ಅಲ್ಲಿ ಒಂದರಿಂದ ಮೂರು ವರ್ಷ. ಜೇಡರ ಬಲೆಯನ್ನೂ ತೆಗೆಯುವುದಿಲ್ಲ, ಹುಳಹುಪ್ಪಟೆ ಹಿಡಿಯಲಿ ಅಂತ. (ನಮ್ಮವ್ವ ನೋಡಿದ್ದರೆ ಕಸಬರಿಕೆ ತೆಗೆದುಕೊಂಡು ಬ್ರಸೆಲ್ಸಿಗೇ ಹೊರಡುತ್ತಿದ್ದಳು.) ಇದನ್ನೆಲ್ಲ ಅಕ್ಟೋಬರಿನಿಂದ ಏಪ್ರಿಲ್ ಒಳಗೆ, ಚಳಿಯಲ್ಲೇ ಮಾಡಬೇಕು. ಸೆಕೆಯಲ್ಲಿ ಗಾಳಿಯಲ್ಲಿ ಬೇಡದ್ದೇ ಜಾಸ್ತಿ. ಮೈಸೂರಿನಲ್ಲಿ ದೋಸೆ ಹಿಟ್ಟು ರುಬ್ಬುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರಿನಲ್ಲಿ ಹಿಟ್ಟು ಕಂಬಳಿ ಹೊದಿಸಿದರೂ ಉಬ್ಬುವುದಿಲ್ಲ, ಏಪ್ರಿಲಿನಲ್ಲಿ ಪಾತ್ರೆ ದಾಟಿ ಕಟ್ಟೆಗೆ ಬಂದಿರುತ್ತದೆ.

ನನ್ನ ನಿದ್ದೆ ಕೆಡಿಸಿದ್ದು ಆ ಪೀಪಾಯಿಯೊಳಗೆ ನಡೆಯುವ ಇನ್ನೊಂದು ಸಂಗತಿ. ಮೊದಲು ಯೀಸ್ಟು ಸಕ್ಕರೆಯ ಬಹುಪಾಲನ್ನು ತಿನ್ನುತ್ತದೆ. ತಿಂಗಳುಗಳು ಕಳೆದು ಸೆಕೆ ಬಂದಾಗ ಪೀಡಿಯೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ಹುಳಿ ಮಾಡುತ್ತದೆ. ಹುಳಿಯ ಜೊತೆಗೆ ಬಿಯರು ಲೋಳೆಯೂ ಆಗುತ್ತದೆ. ಸುರಿದರೆ ಎಣ್ಣೆ ಸುರಿದ ಹಾಗೆ, ನೂಲು ನೂಲು. ಅಲ್ಲಿನವರು ಇದನ್ನು ಬಿಯರಿಗೆ ಕಾಯಿಲೆ ಬಂದಿದೆ ಅನ್ನುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅನ್ನವೋ ಹುಳಿಯೋ ಎತ್ತಿದಾಗ ನೂಲು ಬಂದರೆ ಮುಂದೆ ಮಾತಿಲ್ಲ, ಹಳಸಿದೆ, ತಿಪ್ಪೆಗೆ. ಅವರು ಸುಮ್ಮನೆ ಕಾಯುತ್ತಾರೆ. ಆಮೇಲೆ ಬ್ರೆಟ್ಟನೊಮೈಸಿಸ್ ಅನ್ನೋ ಇನ್ನೊಂದು ಯೀಸ್ಟು ನಿಧಾನಕ್ಕೆ ಆ ಲೋಳೆಯನ್ನೇ ತಿಂದು ತಿಳಿ ಮಾಡುತ್ತದೆ. ಈ ಯೀಸ್ಟನ್ನು ಕಂಡುಹಿಡಿದವರೂ ಕಾರ್ಲ್ಸ್‌ಬರ್ಗಿನವರೇ, ಕ್ಲಾಸೆನ್, 1904ರಲ್ಲಿ. ಅದರ ವಾಸನೆಯನ್ನು ಕುದುರೆಯ ಮೈಮೇಲಿನ ಕಂಬಳಿಗೆ ಹೋಲಿಸುತ್ತಾರೆ. ನಮ್ಮೂರಿನ ಟಾಂಗಾ ಏರಿದವರಿಗೆ ಅಂದಾಜು ಸಿಗಬಹುದು. ಕೊನೆಗೆ ಒಂದು, ಎರಡು, ಮೂರು ವರ್ಷದ ಪೀಪಾಯಿಗಳನ್ನು ಒಬ್ಬ ಮನುಷ್ಯ ಮೂಸಿ, ನೆಕ್ಕಿ, ಇಷ್ಟಿಷ್ಟು ಅಂತ ಬೆರೆಸಿ ಬಾಟಲಿಗೆ ತುಂಬುತ್ತಾನೆ. ಅದು ಗೂಜ್.

ಹುಳಿ ಬಂದದ್ದು ಬೇರೆ, ಹಳಸಿದ್ದು ಬೇರೆ ಅಂತ ನಾನು ಬಹಳ ಗಟ್ಟಿಯಾಗಿ ನಂಬಿಕೊಂಡಿದ್ದವನು. ನಮ್ಮ ಭಾಷೆಯಲ್ಲೇ ಎರಡು ಪದ ಇದೆ ಅಂತ ಜಂಬವೂ ಇತ್ತು. ಹಳಸಿದ್ದರೊಳಗಿಂದ ಹಾದು ಮತ್ತೆ ಹುಳಿಗೆ ವಾಪಸು ಬರೋ ದಾರಿಯೊಂದಿದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಆ ದಾರಿಗೆ ಮೂರು ವರ್ಷ ಬೇಕು, ಆ ಮೂರು ವರ್ಷ ಜೇಬು ತಡೆಯಬೇಕು, ಅದು ಬೇರೆ ಮಾತು. ಏಳೂವರೆಗೆ ಲಾರಿ ಬರೋ ಊರಲ್ಲಿ ಅದು ಆಗದು.

ಎರಡು ದಿನದ ಹುಳಿ

ಪಬ್ಬುಗಳಲ್ಲಿ ಸಿಗುವುದು ಇದಲ್ಲ. "ನಮ್ದು ಎರಡು ದಿನ ಸರ್" ಅಂದ ಹುಡುಗ, ಸ್ವಲ್ಪ ನಾಚಿಕೊಂಡೇ. ಕಷಾಯವನ್ನು ಒಮ್ಮೆ ಕುದಿಸಿ, ಉಗುರುಬೆಚ್ಚಗಾದಾಗ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಬಿಡುತ್ತಾರೆ. 35ರಿಂದ 45 ಡಿಗ್ರಿ. ಒಂದೆರಡು ದಿನದಲ್ಲಿ ಮೀಟರು ಬೇಕಾದ ಸಂಖ್ಯೆ ತೋರಿಸಿದ ಕೂಡಲೇ ಮತ್ತೆ ಕುದಿಸಿ ಬ್ಯಾಕ್ಟೀರಿಯಾವನ್ನು ಕೊಂದುಬಿಡುತ್ತಾರೆ. ಹುಳಿ ಉಳಿಯಿತು, ಹುಳಿ ಮಾಡಿದವರು ಹೋದರು. ಆಮೇಲೆ ಮಾಮೂಲಿ ಯೀಸ್ಟು, ಬೇಕಿದ್ದರೆ ಹಣ್ಣು. ಹಾಪ್ಸ್ ಕಮ್ಮಿ, ಯಾಕಂದರೆ ಹಾಪ್ಸಿನ ಕಹಿ ಈ ಬ್ಯಾಕ್ಟೀರಿಯಾಗೆ ಆಗಿಬರುವುದಿಲ್ಲ. "ಅಂದ್ರೆ ಹೆಪ್ಪು ಹಾಕೋ ಬಿಸಿ ಅನ್ನಪ್ಪ" ಅಂದೆ. ಅವನು ಖುಷಿಯಾಗಿ, ಮನೆಯಲ್ಲೇ ಬಿಯರ್ ಮಾಡೋ ಕೆಲವರು ನಿಜವಾಗಲೂ ಮೊಸರನ್ನೇ ಹಾಕುತ್ತಾರೆ ಅಂದ. ನೀವು? "ಇಲ್ಲ ಸರ್, ಪ್ಯಾಕೆಟ್ ಬರುತ್ತೆ."

ಇದನ್ನು ದಿಢೀರ್ ಇಡ್ಲಿಗೆ ಹೋಲಿಸಿ ಆಡಿಕೊಳ್ಳಬಹುದು. ನನಗೆ ಮನಸ್ಸಿಲ್ಲ. ರವೆ ಇಡ್ಲಿ ಇಡ್ಲಿಯಲ್ಲ ಅಂತ ಜಗಳ ಮಾಡುತ್ತಲೇ ನಾಲ್ಕು ಹಾಕಿಸಿಕೊಂಡು ತಿನ್ನುವ ಜನ ನಾವು. ಹುಡುಗರು ಇದನ್ನು ಯಾಕೆ ಕೇಳಿ ಕೇಳಿ ಕುಡಿಯುತ್ತಾರೆ ಅನ್ನೋದೂ ಗೊತ್ತಾಗುತ್ತದೆ. ಸುಮಾರು ವರ್ಷ ಐಪಿಎ ಅಂತ ಕಹಿಯ ಮೇಲೆ ಕಹಿ ಕುಡಿಸಿದರು, ನಾಲಿಗೆ ಸುಸ್ತಾಗಿದೆ. ಇದರಲ್ಲಿ ಆಲ್ಕೋಹಾಲು ಕಮ್ಮಿ, ಎಷ್ಟೋ ಸಲ ನಾಲ್ಕೈದು ಪರ್ಸೆಂಟು. ಬಿಯರ್ ಅಂದರೆ ಮುಖ ಕಿವುಚುತ್ತಿದ್ದವರಿಗೂ ಹಿಡಿಸುತ್ತದೆ. ಫೋಟೋಗೆ ಬಣ್ಣ ಚೆನ್ನಾಗಿ ಬರುತ್ತದೆ. ಅದೂ ಒಂದು ಕಾರಣವೇ, ಮರ್ಯಾದೆಗೆಟ್ಟದ್ದೇನಲ್ಲ. ಮತ್ತೆ ನಮ್ಮ ನಾಲಿಗೆಗೆ ಇದೇನು ಹೊಸ ಪಾಠ? ಹುಣಸೆ, ನಿಂಬೆ, ಹೇರಳೆಕಾಯಿ, ಮಾವಿನಕಾಯಿ ಅಂತ ಬೆಳೆದವರು. ಊಟದ ಸಾರನ್ನೇ 'ಹುಳಿ' ಅಂತ ಕರೆಯುವ ಜನ.

ಇಲ್ಲಿಗೆ ಬಂದಾಗ 'ಇದೆಲ್ಲಾ ನಮ್ಮಲ್ಲಿ ಮೊದಲೇ ಇತ್ತು' ಅನ್ನೋ ರಾಗ ಶುರು ಮಾಡಬೇಕು ಅನ್ನಿಸುತ್ತದೆ. ಅಕ್ಕನ ಮಗನ ಹತ್ತಿರ ಒಂಚೂರು ಮಾಡಿದೆ ಕೂಡ. ಈಚಲ ಹೆಂಡ ಇತ್ತಲ್ಲ, ಬೆಳಿಗ್ಗೆ ಸಿಹಿ, ಮಧ್ಯಾಹ್ನ ಹದ, ಸಂಜೆಗೆ ಹುಳಿ, ಯಾರೂ ಯೀಸ್ಟು ಹಾಕದೆ ತಾನೇ ಆಗೋದು, ನಿಮ್ಮ ಲ್ಯಾಂಬಿಕ್ ಏನು ಮಹಾ ಅಂತ. ಅವನು ಕೇಳಿದ, "ನೀವು ಕುಡಿದಿದ್ದೀರಾ ಮಾವ?" ಇಲ್ಲ. ನಮ್ಮ ಮನೆಯಲ್ಲಿ ಹೆಂಡ ಅಂದರೆ ಬೈಗುಳ. ಹೆಂಡದಂಗಡಿ ಇದ್ದ ಓಣಿಯಲ್ಲಿ ನಾವು ಹುಡುಗರು ಓಡಾಡುವ ಹಾಗಿರಲಿಲ್ಲ. ಕುಡಿಯುತ್ತಿದ್ದವರು ಕೂಲಿಯವರು, ಅವರ ಮೈಯ ಹುಳಿ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಅಂಗಡಿ ಯಾವತ್ತೋ ಮುಚ್ಚಿತು, ಸಾರಾಯಿಯೂ 2007ರಲ್ಲಿ ನಿಂತಿತು, ಕೆರೆಯಂಗಳದ ಈಚಲ ಮರಗಳನ್ನು ಕೇಳುವವರಿಲ್ಲ. ಮುಚ್ಚಿದ್ದು ಸರಿಯೇ ಇರಬಹುದು, ಎಷ್ಟೋ ಮನೆಗಳ ಗೋಳು ನಾನೇ ನೋಡಿದ್ದೇನೆ. ಆದರೆ ಅವತ್ತು ಮೂಗು ಮುಚ್ಚಿಕೊಂಡ ನಾನೇ ಇವತ್ತು ಅದೇ ಹುಳಿಯನ್ನು ಕಾಲು ಉದ್ದ ಇರುವ ಲೋಟದಲ್ಲಿ ಮೂಸಿ 'ಆಹಾ' ಅನ್ನುವಾಗ, ಅದು ನಮ್ಮದೇ ಪರಂಪರೆ ಅಂತ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

ಆ ಕ್ಯಾನು ಏನಾಯಿತು

ವಾಪಸು ಬಂದ ಕ್ಯಾನನ್ನು ಅಪ್ಪ ಆ ರಾತ್ರಿ ಸೈಕಲ್ಲಿಗೆ ಕಟ್ಟಿ ಮನೆಗೆ ತಂದರು. ಹಿತ್ತಲಿನ ಗುಂಡಿಗೆ ಸುರಿಯುವುದು ಅಂತ ಅವರ ಲೆಕ್ಕ. ಅವ್ವ ಬುಡ್ಡಿ ಹಿಡಿದುಕೊಂಡು ಬಂದು ಮುಚ್ಚಳ ತೆಗೆದಳು. ಹಾಲು ಒಡೆದು ಗಟ್ಟಿಯಾಗಲು ಶುರುವಾಗಿತ್ತು. ಬಗ್ಗಿ ಮೂಸಿದಳು. ಬೆರಳು ಅದ್ದಿ ನೆಕ್ಕಿದಳು. ಕ್ಯಾನಿನ ಅಂಚಿಗೆ ಬೆರಳು ತಾಗಿಸಿ ಎಳೆದು, ನೂಲು ಬರುತ್ತದಾ ಅಂತ ಬೆಳಕಿಗೆ ಹಿಡಿದು ನೋಡಿದಳು. "ಹುಳಿ ಬಂದದೆ ಅಷ್ಟೆಯ, ಹಳಸಿಲ್ಲ" ಅಂದಳು. ಅಪ್ಪ ಅವತ್ತು ಮೊದಲ ಸಲ ಕೂತರು.

ಮನೆಯಲ್ಲಿದ್ದ ಗಡಿಗೆ, ಪಕ್ಕದ ಮನೆಯ ಗಡಿಗೆ, ಅತ್ತೆ ಮನೆಯ ಗಡಿಗೆ, ಎಲ್ಲದಕ್ಕೂ ಒಂದೊಂದು ಚಮಚ ನಮ್ಮ ಮನೆಯ ಹೆಪ್ಪು ಬಿಟ್ಟು ಆ ಹಾಲು ಸುರಿದಳು. ಬೆಳಿಗ್ಗೆ ಮೂರು ಜನ ಹೆಂಗಸರು ಸೇರಿ ಕಡೆದರು. ಬೆಣ್ಣೆ ಬಂತು. ಮಜ್ಜಿಗೆಯೋ, ಊರಿಗೆಲ್ಲಾ ಹಂಚುವಷ್ಟು. ಉಪ್ಪು, ಶುಂಠಿ, ಕೊತ್ತಂಬರಿ ಸೊಪ್ಪು ಹಾಕಿ ಕೊಳಗದಲ್ಲಿ ಜಗಲಿ ಮೇಲೆ ಇಟ್ಟಿದ್ದಳು. ಗದ್ದೆ ಕಡೆ ಹೋಗುವವರು, ಬರುವವರು ಒಂದೊಂದು ಲೋಟ ಕುಡಿದು ಹೋದರು. ಜಗಲಿ ಮೇಲೆ ಗುಸುಗುಸು ಮಾಡಿದವರೂ ಬಂದರು.

ಕೆರೆ ಏರಿ ದೊಡ್ಡವ್ವ ಬಂದದ್ದು ಬಿಸಿಲು ಏರಿದ ಮೇಲೆ. ಅವ್ವ ಚೊಂಬಿನ ತುಂಬ ಕೊಟ್ಟಳು. ಅಪ್ಪ ಅಲ್ಲೇ ಕಂಬಕ್ಕೆ ಒರಗಿ ಡೈರಿ ಲೆಕ್ಕದ ಪುಸ್ತಕ ನೋಡುತ್ತಿದ್ದರು, ತಲೆ ಎತ್ತಲಿಲ್ಲ. ದೊಡ್ಡವ್ವ ನಿಂತಲ್ಲೇ ಎತ್ತಿ ಒಂದೇ ಉಸಿರಿಗೆ ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು, ಚೊಂಬನ್ನು ಇನ್ನೊಂದು ಸಲ ಮುಂದೆ ಚಾಚಿತು.

"ಯಾರ ಮನೆ ಹಾಲೋ ಏನೋ ಕಣವ್ವ, ಚೆಂದಾಗಿ ಹುಳಿತದೆ."